ಮುಷ್ಟಿಗೆ ಮಾಲೀಕರಿದ್ದರು, ಮನುಷ್ಯನಿಗೆ ಯಾರಿದ್ದರು?

ಮುಹಮ್ಮದ್ ಅಲಿಯವರ ಆ ಪ್ರಸಿದ್ಧ ಛಾಯಾಚಿತ್ರವನ್ನು ನಾವೆಲ್ಲ ಎಲ್ಲಾದರೊಂದು ಕಡೆ ನೋಡಿಯೇ ಇರುತ್ತೇವೆ. ಬಲಗೈಯನ್ನು ಎದೆಗೆ ಅಡ್ಡವಾಗಿ ಮಡಚಿ, ಬಾಯಿ ತೆರೆದು ಗದರುತ್ತ ನಿಂತಿರುವ ಯುವಕ. ಅವರ ಕಾಲಬುಡದಲ್ಲಿ ಅಂಗಾತ ಬಿದ್ದಿರುವ ಇನ್ನೊಬ್ಬ. 1965ರ ಮೇ 25ರಂದು ಅಮೆರಿಕದ ಮೇನ್ ರಾಜ್ಯದ ಲೂಯಿಸ್ಟನ್ ಎಂಬ ಸಣ್ಣ ಪಟ್ಟಣದಲ್ಲಿ ನೀಲ್ ಲೀಫರ್ ತೆಗೆದ ಈ ಚಿತ್ರ ಕ್ರೀಡಾ ಜಗತ್ತಿನ ಅತ್ಯಂತ ಜನಪ್ರಿಯ ಚಿತ್ರಗಳಲ್ಲೊಂದು. ನಿಂತವರು ಯಾರೆಂಬುದು ಲೋಕಕ್ಕೆಲ್ಲ ಗೊತ್ತು. ಬಿದ್ದವನ ಹೆಸರು ಕೇಳಿದರೆ ಬಹಳಷ್ಟು ಮಂದಿ ತಡವರಿಸುತ್ತಾರೆ.

ಬಿದ್ದವನ ಹೆಸರು ಚಾರ್ಲ್ಸ್ ಲಿಸ್ಟನ್. ಜನ ಕರೆಯುತ್ತಿದ್ದುದು ಸನ್ನಿ ಲಿಸ್ಟನ್ ಎಂದು. ಅದಕ್ಕಿಂತ ಹದಿನೈದೇ ತಿಂಗಳ ಹಿಂದೆ ಆತ ಹೆವಿವೇಟ್ ಬಾಕ್ಸಿಂಗ್‌ನ ವಿಶ್ವ ಚಾಂಪಿಯನ್ ಆಗಿದ್ದ. ಅವನನ್ನು ಸೋಲಿಸಬಲ್ಲವರು ಈ ಭೂಮಿಯ ಮೇಲೆ ಇಲ್ಲವೆಂದು ತಿಳಿದವರೇ ಬರೆಯುತ್ತಿದ್ದರು. ಐದೂವರೆ ವರ್ಷಗಳ ಬಳಿಕ ಲಾಸ್ ವೇಗಾಸ್‌ನ ತನ್ನದೇ ಮನೆಯಲ್ಲಿ ಆತ ಹೆಣವಾಗಿ ಸಿಕ್ಕಿದ. ಸತ್ತು ಎಷ್ಟು ದಿನವಾಗಿತ್ತೆಂದು ಖಚಿತವಾಗಿ ಹೇಳುವವರೂ ಇರಲಿಲ್ಲ.

ಗೆದ್ದವರ ಚರಿತ್ರೆಯನ್ನು ಬರೆಯಲು ಬೇಕಾದಷ್ಟು ಮಂದಿ ಇದ್ದಾರೆ. ಬಿದ್ದವನ ಬದುಕನ್ನು ತೆರೆದು ನೋಡಿದರೆ ನಮಗೆ ಬೇರೆಯೇ ಒಂದು ಪಾಠ ಸಿಗುತ್ತದೆ. ಲಿಸ್ಟನ್‌ಗೆ ಬಲದ ಕೊರತೆ ಇರಲಿಲ್ಲ, ಪ್ರತಿಭೆಯ ಕೊರತೆ ಇರಲಿಲ್ಲ. ಸುತ್ತಮುತ್ತ ಜನರ ಕೊರತೆಯೂ ಇರಲಿಲ್ಲ. ಇಲ್ಲದೆ ಹೋದದ್ದು ಒಂದೇ: ಅವನ ಮುಷ್ಟಿಯಿಂದ ತನಗೇನು ಸಿಗುತ್ತದೆಂದು ಲೆಕ್ಕ ಹಾಕದೆ, ಅವನ ಹೆಗಲ ಮೇಲೆ ಕೈಯಿಟ್ಟು ಕೊನೆಯವರೆಗೆ ಜೊತೆಗೆ ನಡೆಯುವ ಒಬ್ಬ ಮಾರ್ಗದರ್ಶಕ.

ಹುಟ್ಟಿದ ದಿನವೇ ಇಲ್ಲದ ಮಗು

ಲಿಸ್ಟನ್ ಹುಟ್ಟಿದ್ದು ಅರ್ಕನ್ಸಾ ರಾಜ್ಯದ ಫಾರೆಸ್ಟ್ ಸಿಟಿ ಸಮೀಪದ ಹತ್ತಿ ಹೊಲಗಳ ನಡುವೆ. ಯಾವಾಗ ಹುಟ್ಟಿದನೆಂಬುದಕ್ಕೆ ದಾಖಲೆ ಇಲ್ಲ. 1932ರ ಮೇ 8 ಎಂದು ಆತ ಹೇಳಿಕೊಳ್ಳುತ್ತಿದ್ದ. 1940ರ ಜನಗಣತಿಯಲ್ಲಿ ಅವನ ವಯಸ್ಸು 10 ಎಂದಿದೆ. ಕರಿಯ ಕೂಲಿಯ ಮಗುವಿನ ಹುಟ್ಟನ್ನು ಬರೆದಿಡಬೇಕೆಂದು ಆ ಸೀಮೆಯಲ್ಲಿ ಯಾರಿಗೂ ಅನಿಸಿರಲಿಲ್ಲ. ತಂದೆ ಟೋಬ್ ಲಿಸ್ಟನ್ ಬೇರೆಯವರ ಹೊಲವನ್ನು ಪಾಲಿಗೆ ಗೇಯುವ ಒಕ್ಕಲು. ಎರಡು ಮದುವೆಗಳಿಂದ ಅವನಿಗೆ 25 ಮಕ್ಕಳು, ಈತ 24ನೆಯವನು ಎನ್ನುತ್ತಾರೆ. ಬೆಳೆ ಬಂದಾಗ ಒಡೆಯನ ಪಾಲು, ಅಂಗಡಿಯ ಸಾಲ, ಬೀಜದ ಬಾಕಿ ಎಲ್ಲವನ್ನೂ ಕಳೆದು ಉಳಿಯುತ್ತಿದ್ದುದು ಮತ್ತೊಂದು ವರ್ಷದ ಸಾಲ. ಗುಲಾಮಗಿರಿ ಕಾನೂನಿನ ಪುಸ್ತಕದಿಂದ ಹೋಗಿ 60-70 ವರ್ಷಗಳಾಗಿದ್ದರೂ ಹೊಲದಿಂದ ಹೋಗಿರಲಿಲ್ಲ.

ಊಟದ ಮೇಜಿಗೆ ಬರುವಷ್ಟು ದೊಡ್ಡವನಾದ ಹುಡುಗ ಹೊಲಕ್ಕೂ ಬರಬಲ್ಲ ಎಂಬುದು ಟೋಬ್‌ನ ಲೆಕ್ಕ. ಹೀಗಾಗಿ ಮಗ ಶಾಲೆಯ ಮುಖ ಕಾಣಲಿಲ್ಲ, ಕಂಡದ್ದು ಹೊಡೆತವನ್ನು. ಬಾಲ್ಯದ ಆ ಏಟುಗಳ ಗುರುತುಗಳು ದೊಡ್ಡವನಾದ ಮೇಲೂ ಅವನ ಮೈಮೇಲೆ ಕಾಣುತ್ತಿದ್ದವು. ಅಪ್ಪ ತನಗೆ ಕೊಟ್ಟದ್ದೆಂದರೆ ಹೊಡೆತ ಮಾತ್ರ ಎಂದು ಆತ ಹೇಳಿಕೊಂಡದ್ದುಂಟು.

ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ತಾಯಿ ಹೆಲೆನ್ ಕೆಲಸ ಹುಡುಕಿಕೊಂಡು ಸೇಂಟ್ ಲೂಯಿಸ್ ನಗರಕ್ಕೆ ಹೊರಟುಹೋದಳು. ಹುಡುಗ ತಂದೆಯ ಜೊತೆ ಉಳಿದ. ಒಂದು ದಿನ ಭಾವನ ಮರದಿಂದ ಪೀಕನ್ ಕಾಯಿಗಳನ್ನು ಉದುರಿಸಿ, ಪೇಟೆಯಲ್ಲಿ ಮಾರಿ, ಬಂದ ಕಾಸಿನಿಂದ ಟಿಕೆಟ್ ಕೊಂಡು ತಾಯಿಯನ್ನು ಹುಡುಕಿಕೊಂಡು ಹೊರಟ. ನಗರದಲ್ಲಿ ಶಾಲೆಗೆ ಸೇರುವ ಪ್ರಯತ್ನವೂ ನಡೆಯಿತು. ಆದರೆ ಅಕ್ಷರ ತಿಳಿಯದ ಆಳೆತ್ತರದ ಹುಡುಗನನ್ನು ಸಣ್ಣ ಮಕ್ಕಳ ನಡುವೆ ಕೂರಿಸಿದರೆ ಏನಾಗುತ್ತದೆ? ಮಕ್ಕಳು ನಕ್ಕರು. ಆತ ಶಾಲೆ ಬಿಟ್ಟ.

ಈ ನಗುವನ್ನು ನಾವು ಸಣ್ಣ ಸಂಗತಿ ಎಂದು ಬಿಡುವಂತಿಲ್ಲ. ಮುಂದೆ ಲಿಸ್ಟನ್ ಸಹಿ ಹಾಕಿದ ಪ್ರತಿಯೊಂದು ಕಾಗದವೂ ಆತ ಓದಲಾರದ ಕಾಗದವಾಗಿತ್ತು.

ಸೆರೆಮನೆಯ ಅಂಗಳದಲ್ಲಿ

ಶಾಲೆ ಬಿಟ್ಟವನನ್ನು ಬೀದಿ ಸೇರಿಸಿಕೊಂಡಿತು. ದರೋಡೆಗೆ ಹೋಗುವಾಗಲೂ ಒಂದೇ ಹಳದಿ ಅಂಗಿ ತೊಡುತ್ತಿದ್ದ ಅವನಿಗೆ ಪೊಲೀಸರು ಅದೇ ಅಂಗಿಯ ಹೆಸರಿಟ್ಟಿದ್ದರು. ಸಿಕ್ಕಿಬೀಳುವುದಕ್ಕೆ ಹೆಚ್ಚು ಕಾಲ ಬೇಕಾಗಲಿಲ್ಲ. 1950ರ ಜನವರಿಯಲ್ಲಿ ಬಂಧನ, ಐದು ವರ್ಷಗಳ ಶಿಕ್ಷೆ. ಅದೇ ವರ್ಷ ಜೂನ್‌ನಲ್ಲಿ ಆತ ಮಿಸ್ಸೌರಿ ರಾಜ್ಯದ ಸೆರೆಮನೆಯ ಬಾಗಿಲು ದಾಟಿದ.

ಸೆರೆಮನೆ ಮನುಷ್ಯರಿಗೆ ನರಕ. ಆದರೆ ಲಿಸ್ಟನ್ ಆ ದಿನಗಳ ಬಗ್ಗೆ ದೂರಿದವನಲ್ಲ. ಬದುಕಿನಲ್ಲಿ ಮೊದಲ ಬಾರಿಗೆ ದಿನಕ್ಕೆ ಮೂರು ಹೊತ್ತು ಊಟ ಖಾತ್ರಿಯಾದದ್ದು ಅಲ್ಲೇ ಎಂದು ಆತ ಹೇಳುತ್ತಿದ್ದ. ಒಂದು ದೇಶ ತನ್ನ ಮಗುವಿಗೆ ಹೊಟ್ಟೆತುಂಬ ಅನ್ನವನ್ನು ಜೈಲಿನಲ್ಲಿ ಮಾತ್ರ ಕೊಡಬಲ್ಲದು ಎಂದರೆ ಆ ದೇಶದ ಬಗ್ಗೆ ಬೇರೆ ಟೀಕೆ ಬೇಕೇ?

ಅಲ್ಲಿನ ಕ್ಯಾಥೊಲಿಕ್ ಪಾದ್ರಿಗಳು, ಮುಖ್ಯವಾಗಿ ಕೈದಿಗಳ ಆಟೋಟ ನೋಡಿಕೊಳ್ಳುತ್ತಿದ್ದ ಫಾದರ್ ಅಲೋಯ್ಸ್ ಸ್ಟೀವನ್ಸ್, ಈ ದೈತ್ಯ ಹುಡುಗನ ಕೈಗೆ ಬಾಕ್ಸಿಂಗ್ ಗ್ಲೌಸ್ ತೊಡಿಸಿದರು. ಕೆಲವೇ ವಾರಗಳಲ್ಲಿ ಜೈಲಿನೊಳಗೆ ಅವನ ಎದುರು ನಿಲ್ಲುವವರೇ ಇಲ್ಲವಾದರು. ಹೊರಗಿನಿಂದ ಒಬ್ಬ ವೃತ್ತಿಪರ ಬಾಕ್ಸರನನ್ನು ಕರೆಸಿ ಪರೀಕ್ಷಿಸಲಾಯಿತು. ಎರಡು ಸುತ್ತು ಕಳೆಯುವಷ್ಟರಲ್ಲಿ ಆತ, ತನ್ನನ್ನು ಕೊಲ್ಲುವ ಮೊದಲು ಇವನಿಂದ ಬಿಡಿಸಿ ಎಂಬಂತೆ ಹೊರಬಂದ. ಲಿಸ್ಟನ್‌ನ ಎತ್ತರ ಆರಡಿ ಒಂದಂಗುಲ. ಆದರೆ ಚಾಚಿದ ತೋಳುಗಳ ಅಳತೆ 84 ಅಂಗುಲ, ಅಂದರೆ ಏಳು ಅಡಿ. ಮುಷ್ಟಿಯ ಸುತ್ತಳತೆ 15 ಅಂಗುಲ. ಅವನ ಎಡಗೈಯ ನೇರ ಹೊಡೆತ ಬೇರೆಯವರ ಬಲಗೈಯ ಹೊಡೆತಕ್ಕಿಂತ ಭಾರವಾಗಿತ್ತು.

ಫಾದರ್ ಸ್ಟೀವನ್ಸ್ ಒಳ್ಳೆಯ ಮನುಷ್ಯ, ಅದರಲ್ಲಿ ಅನುಮಾನವಿಲ್ಲ. ಅವರ ಪ್ರಯತ್ನದಿಂದಲೇ 1952ರ ಅಕ್ಟೋಬರ್ 31ರಂದು ಲಿಸ್ಟನ್ ಪೆರೋಲ್ ಮೇಲೆ ಹೊರಬಂದ. ಆದರೆ ಪಾದ್ರಿಗಳ ಕೈಗೆ ಎಟುಕುತ್ತಿದ್ದುದು ಜೈಲಿನ ಗೋಡೆಯವರೆಗೆ. ಗೋಡೆಯಾಚೆ ಅವನನ್ನು ವಹಿಸಿಕೊಂಡವರಲ್ಲಿ ಫ್ರಾಂಕ್ ಮಿಚೆಲ್ ಎಂಬ ಪತ್ರಿಕೆಯ ಮಾಲೀಕನಿದ್ದ. ಮಿಚೆಲ್‌ನ ಹಿಂದೆ ಸೇಂಟ್ ಲೂಯಿಸ್‌ನ ಮಾಫಿಯಾ ನಾಯಕ ಜಾನ್ ವಿಟಾಲೆ ಇದ್ದ. ಹುಡುಗನನ್ನು ಸುಧಾರಿಸಿ ಕಳಿಸಿದೆವೆಂದು ಜೈಲು ಭಾವಿಸಿತು. ಅವನು ಒಂದು ಬಾಗಿಲಿನಿಂದ ಹೊರಬಂದು ಇನ್ನೊಂದರೊಳಗೆ ಹೋಗಿದ್ದ.

ಕಾಣದ ಮಾಲೀಕರು

ಮುಂದಿನ ಏರಿಕೆ ಬೆರಗು ಹುಟ್ಟಿಸುವಂಥದು. 1953ರಲ್ಲಿ ಹವ್ಯಾಸಿಗಳ ಗೋಲ್ಡನ್ ಗ್ಲೌಸ್ ಪಂದ್ಯಾವಳಿಯಲ್ಲಿ ಹಿಂದಿನ ವರ್ಷದ ಒಲಿಂಪಿಕ್ ಚಾಂಪಿಯನ್ ಎಡ್ ಸ್ಯಾಂಡರ್ಸ್‌ನನ್ನೇ ಆತ ಸೋಲಿಸಿದ. ಅದೇ ಸೆಪ್ಟೆಂಬರ್‌ನಲ್ಲಿ ನಡೆದ ಮೊದಲ ವೃತ್ತಿಪರ ಪಂದ್ಯವನ್ನು 33 ಸೆಕೆಂಡುಗಳಲ್ಲಿ ಮುಗಿಸಿದ.

ಆದರೆ ಅವನ ಪಂದ್ಯಗಳ ಹಣ ಯಾರ ಕಿಸೆಗೆ ಹೋಗುತ್ತಿತ್ತು? ಅದನ್ನು ತಿಳಿಯಲು ಆ ಕಾಲದ ಅಮೆರಿಕನ್ ಬಾಕ್ಸಿಂಗ್ ಹೇಗೆ ನಡೆಯುತ್ತಿತ್ತೆಂದು ನೋಡಬೇಕು. ದೂರದರ್ಶನ ಬಂದ ಮೇಲೆ ವಾರವಾರವೂ ಪಂದ್ಯ ಬೇಕಾಗಿತ್ತು. ದೊಡ್ಡ ಪಂದ್ಯಗಳು ಇಂಟರ್‌ನ್ಯಾಷನಲ್ ಬಾಕ್ಸಿಂಗ್ ಕ್ಲಬ್ ಎಂಬ ಒಂದೇ ಸಂಸ್ಥೆಯ ಹಿಡಿತದಲ್ಲಿದ್ದವು. ಅದರ ನೆರಳಿನಲ್ಲಿ ನಿಂತು ಯಾರು ಯಾರೊಡನೆ ಯಾವಾಗ ಆಡಬೇಕೆಂದು ತೀರ್ಮಾನಿಸುತ್ತಿದ್ದವನು ಫ್ರಾಂಕಿ ಕಾರ್ಬೊ ಎಂಬ ಪಾತಕಿ. ಫಿಲಡೆಲ್ಫಿಯಾದ ಬ್ಲಿಂಕಿ ಪಲೆರ್ಮೊ ಅವನ ಬಲಗೈ. ಒಬ್ಬ ಬಾಕ್ಸರ್ ಎಂದರೆ ಇವರಿಗೆ ಷೇರು ಮಾರುಕಟ್ಟೆಯ ಒಂದು ಕಂಪನಿ ಇದ್ದಂತೆ. ಪಾಲು ಕೊಳ್ಳಬಹುದು, ಮಾರಬಹುದು. 1958ರ ಹೊತ್ತಿಗೆ ಲಿಸ್ಟನ್‌ನ ಒಪ್ಪಂದದ ಬಹುಪಾಲು ಕಾರ್ಬೊನ ಕೈಯಲ್ಲಿತ್ತು. ಕಾಗದದ ಮೇಲೆ ಮ್ಯಾನೇಜರ್ ಎಂದು ಬೇರೆಯವನ ಹೆಸರಿತ್ತು. ಹತ್ತಿ ಹೊಲದಲ್ಲಿ ಅಪ್ಪ ಪಾಲಿಗೆ ಗೇಯುತ್ತಿದ್ದ, ಮಗ ಬಾಕ್ಸಿಂಗ್ ಕಣದಲ್ಲಿ ಅದನ್ನೇ ಮುಂದುವರಿಸಿದ. ಒಂದೇ ವ್ಯತ್ಯಾಸವೆಂದರೆ ಅಪ್ಪನಿಗೆ ತನ್ನ ಒಡೆಯ ಯಾರೆಂದು ಗೊತ್ತಿತ್ತು.

ಇದರ ನಡುವೆ ಪೊಲೀಸರೊಡನೆ ನಿರಂತರ ಜಗಳ. 1956ರ ಮೇ ತಿಂಗಳಲ್ಲಿ ನಿಲ್ಲಿಸಿದ್ದ ಟ್ಯಾಕ್ಸಿಯೊಂದರ ವಿಷಯಕ್ಕೆ ಶುರುವಾದ ಮಾತು ಕೈಕೈ ಮಿಲಾಯಿಸುವಲ್ಲಿಗೆ ಹೋಯಿತು. ಲಿಸ್ಟನ್ ಪೊಲೀಸನ ಮೊಣಕಾಲು ಮುರಿದು ಬಂದೂಕು ಕಿತ್ತುಕೊಂಡ. ಪೊಲೀಸ್ ತನ್ನನ್ನು ಜನಾಂಗದ ಹೆಸರು ಹಿಡಿದು ಬೈದನೆಂಬುದು ಲಿಸ್ಟನ್‌ನ ವಾದ. ಒಂಬತ್ತು ತಿಂಗಳ ಶಿಕ್ಷೆಯಾಯಿತು, ಆರು ತಿಂಗಳು ಒಳಗಿದ್ದ. 1957ರ ಇಡೀ ವರ್ಷ ಪಂದ್ಯ ಆಡುವಂತಿರಲಿಲ್ಲ. ಬಿಡುಗಡೆಯಾದ ಮೇಲೂ ಪೊಲೀಸರು ಬಿಡದೆ ಬೆನ್ನುಹತ್ತಿದರು. ಊರು ಬಿಟ್ಟು ಹೋಗದಿದ್ದರೆ ಗತಿ ನೆಟ್ಟಗಾಗದು ಎಂಬ ಎಚ್ಚರಿಕೆ ಬಂದ ಮೇಲೆ ಆತ ಫಿಲಡೆಲ್ಫಿಯಾಕ್ಕೆ ಹೊರಟ. ಅಲ್ಲಿ ಕಾದಿದ್ದವನು ಪಲೆರ್ಮೊ.

ಲಿಸ್ಟನ್ ನಿರಪರಾಧಿಯಾಗಿದ್ದ ಎಂದು ನಾವು ಹೇಳುತ್ತಿಲ್ಲ. ಆತ ದರೋಡೆ ಮಾಡಿದ್ದು ನಿಜ, ಕುಡಿದದ್ದು ನಿಜ, ಕೈ ಎತ್ತಬಾರದ ಕಡೆ ಕೈ ಎತ್ತಿದ್ದೂ ನಿಜ. ಮಾಡಿದ ತಪ್ಪಿಗೆ ಮಾಡಿದವನೇ ಹೊಣೆ. ಆದರೆ ಅವನ ಸುತ್ತಲಿದ್ದವರಲ್ಲಿ ಒಬ್ಬನಾದರೂ ಅವನಿಗೆ ‘ಇದು ಬೇಡ’ ಎಂದು ಹೇಳಿದ್ದನೇ? ವಿಟಾಲೆ ಹೇಳುತ್ತಿದ್ದನೇ, ಕಾರ್ಬೊ ಹೇಳುತ್ತಿದ್ದನೇ? ಅವನ ಒರಟುತನವೇ ಅವರ ಬಂಡವಾಳವಾಗಿತ್ತು.

1960ರ ಡಿಸೆಂಬರ್‌ನಲ್ಲಿ ಸೆನೆಟರ್ ಎಸ್ಟೆಸ್ ಕೆಫಾವರ್ ಅವರ ಸಮಿತಿ ಬಾಕ್ಸಿಂಗ್‌ನೊಳಗಿನ ಪಾತಕಿಗಳ ಬಗ್ಗೆ ವಿಚಾರಣೆ ನಡೆಸಿತು. ಲಿಸ್ಟನ್ ಸಾಕ್ಷಿ ಹೇಳಲು ಬಂದ. ಓದು ಬರಹದ ಬಗ್ಗೆ ಕೇಳಿದಾಗ, ತನ್ನ ಹೆಸರು ಬರೆಯುವುದನ್ನು ಬಿಟ್ಟರೆ ಬೇರೇನೂ ಬಾರದೆಂದು ಒಪ್ಪಿಕೊಂಡ. ಮರುವರ್ಷ ಕಾರ್ಬೊಗೆ 25 ವರ್ಷ, ಪಲೆರ್ಮೊಗೆ 15 ವರ್ಷ ಶಿಕ್ಷೆಯಾಯಿತು. ಕಾನೂನು ಮಾಲೀಕರನ್ನು ಹಿಡಿಯಿತು. ಆದರೆ ಮಾಲೀಕರು ಬಿಟ್ಟುಹೋದ ಆಳಿಗೆ ಅಕ್ಷರ ಕಲಿಸುವವರು ಯಾರು ಎಂದು ಕೇಳುವುದು ಸಮಿತಿಯ ಕೆಲಸವಾಗಿರಲಿಲ್ಲ.

ಒಂದು ಪ್ರಯತ್ನವೇನೋ ನಡೆಯಿತು. 1961ರಲ್ಲಿ ಮತ್ತೆ ಬಂಧನಗಳಾಗಿ ಲೈಸೆನ್ಸ್ ಅಮಾನತಾದಾಗ ಲಿಸ್ಟನ್ ಡೆನ್ವರ್ ನಗರದ ಫಾದರ್ ಎಡ್ವರ್ಡ್ ಮರ್ಫಿ ಅವರಲ್ಲಿಗೆ ಹೋದ. ಕುಡಿತ ಬಿಡಿಸಲು, ಓದು ಕಲಿಸಲು ಅವರು ಶ್ರಮಿಸಿದರು. ಆದರೆ ಮೂವತ್ತು ವರ್ಷಗಳ ಕೊರತೆಯನ್ನು ಕೆಲವು ತಿಂಗಳುಗಳಲ್ಲಿ ತುಂಬುವುದು ಹೇಗೆ? ಅಷ್ಟರಲ್ಲಿ ವಿಶ್ವ ಚಾಂಪಿಯನ್ ಪಟ್ಟದ ಪಂದ್ಯ ಕರೆಯಿತು.

ಮೂವರು ಹುಡುಗರು

ಈಗ ಲಿಸ್ಟನ್‌ನ ಪಕ್ಕದಲ್ಲಿ ಇನ್ನಿಬ್ಬರನ್ನು ನಿಲ್ಲಿಸಿ ನೋಡೋಣ. ಒಬ್ಬ, ಅವನು ಎದುರಿಸಬೇಕಿದ್ದ ಚಾಂಪಿಯನ್ ಫ್ಲಾಯ್ಡ್ ಪ್ಯಾಟರ್ಸನ್. ಇನ್ನೊಬ್ಬ, ಅವನನ್ನು ಮುಂದೆ ಸೋಲಿಸಲಿದ್ದ ಕೇಸಿಯಸ್ ಕ್ಲೇ. ಮೂವರೂ ಅಮೆರಿಕದ ದಕ್ಷಿಣದಲ್ಲಿ ಹುಟ್ಟಿದ ಕರಿಯ ಮಕ್ಕಳು.

ಪ್ಯಾಟರ್ಸನ್ ಕೂಡ ದೊಡ್ಡ ಬಡ ಕುಟುಂಬದ ಹುಡುಗ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಶಾಲೆ ತಪ್ಪಿಸಿ ಅಲೆಯುತ್ತಿದ್ದ, ಸಣ್ಣಪುಟ್ಟ ಕಳವು ಮಾಡುತ್ತಿದ್ದ. ಆದರೆ ಹತ್ತನೇ ವಯಸ್ಸಿನಲ್ಲಿ ಅವನನ್ನು ಕಳಿಸಿದ್ದು ಜೈಲಿಗಲ್ಲ, ವಿಲ್ಟ್‌ವಿಕ್ ಎಂಬ ಹುಡುಗರ ಶಾಲೆಗೆ. ಅಧ್ಯಕ್ಷ ರೂಸ್‌ವೆಲ್ಟರ ಪತ್ನಿ ಎಲಿನರ್ ಅವರ ಬೆಂಬಲವಿದ್ದ ಆ ಶಾಲೆಗೆ ಬೇಲಿ ಇರಲಿಲ್ಲ, ಪ್ರೀತಿಯ ಶಿಕ್ಷಕರಿದ್ದರು. ಆತ ಓದಲು ಕಲಿತದ್ದು ಅಲ್ಲಿ. ನಂತರ ಸಿಕ್ಕವನು ತರಬೇತುದಾರ ಕಸ್ ಡಿ’ಅಮಾಟೊ, ಮಾಫಿಯಾದ ನೆರಳನ್ನು ಹತ್ತಿರ ಬರಗೊಡದ ಹಟವಾದಿ. 1952ರಲ್ಲಿ, ಲಿಸ್ಟನ್ ಜೈಲಿನಲ್ಲಿದ್ದಾಗ, ಪ್ಯಾಟರ್ಸನ್ ಹೆಲ್ಸಿಂಕಿಯಲ್ಲಿ ಒಲಿಂಪಿಕ್ ಚಿನ್ನ ಗೆದ್ದ. 1956ರಲ್ಲಿ 21ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದ.

ಕ್ಲೇಯ ಕಥೆ ಎಲ್ಲರಿಗೂ ಗೊತ್ತಿರುವಂಥದೇ. 1954ರಲ್ಲಿ ಲೂಯಿವಿಲ್ ನಗರದಲ್ಲಿ 12 ವರ್ಷದ ಹುಡುಗನ ಸೈಕಲ್ ಕಳವಾಯಿತು. ಕದ್ದವನನ್ನು ಹೊಡೆಯುತ್ತೇನೆಂದು ಅಳುತ್ತ ದೂರು ಕೊಡಲು ಹೋದಾಗ ಎದುರಿಗಿದ್ದ ಬಿಳಿಯ ಪೊಲೀಸ್ ಜೋ ಮಾರ್ಟಿನ್, ಹೊಡೆಯುವ ಮೊದಲು ಹೊಡೆಯುವುದನ್ನು ಕಲಿ ಎಂದು ತನ್ನ ತರಬೇತಿ ಶಾಲೆಗೆ ಕರೆದುಕೊಂಡ. ಮನೆಯಲ್ಲಿ ತಂದೆ ತಾಯಿ ಇದ್ದರು. 1960ರಲ್ಲಿ ರೋಮ್‌ನಲ್ಲಿ ಚಿನ್ನ ಗೆದ್ದು ಬಂದಾಗ ಊರಿನ 11 ಬಿಳಿಯ ವ್ಯಾಪಾರಿಗಳು ಒಪ್ಪಂದ ಮಾಡಿಕೊಂಡರು. ಅವರಿಗೂ ಲಾಭದ ಆಸೆ ಇತ್ತು. ಆದರೆ ಹುಡುಗನ ಗಳಿಕೆಯ ಶೇ. 15ರಷ್ಟನ್ನು ಅವನ ಮುಪ್ಪಿಗೆಂದು ಪ್ರತ್ಯೇಕ ನಿಧಿಯಲ್ಲಿ ಇಡಬೇಕೆಂಬ ಷರತ್ತು ಆ ಕಾಗದದಲ್ಲಿತ್ತು.

ಮೂವರಿಗೂ ಹದಿಹರೆಯದ ಹೊಸ್ತಿಲಲ್ಲಿ ಯಾರೋ ಒಬ್ಬರು ಎದುರಾದರು. ಒಬ್ಬನಿಗೆ ಶಿಕ್ಷಕರು, ಒಬ್ಬನಿಗೆ ಕೈಹಿಡಿದ ಪೊಲೀಸ್. ಲಿಸ್ಟನ್‌ಗೆ ಎದುರಾದದ್ದು ಲಾಠಿ ಹಿಡಿದ ಪೊಲೀಸ್. ಮುಷ್ಟಿಯ ಬಲದಲ್ಲಿ ಈತ ಉಳಿದಿಬ್ಬರಿಗೂ ಕಡಿಮೆ ಇರಲಿಲ್ಲ.

ಖಾಲಿ ವಿಮಾನ ನಿಲ್ದಾಣ

ಪ್ಯಾಟರ್ಸನ್-ಲಿಸ್ಟನ್ ಪಂದ್ಯ ಕೇವಲ ಕ್ರೀಡೆಯಾಗಿ ಉಳಿಯಲಿಲ್ಲ. ನಾಗರಿಕ ಹಕ್ಕುಗಳ ಚಳವಳಿ ಕಾವೇರುತ್ತಿದ್ದ ಕಾಲವದು. ಕರಿಯರೆಂದರೆ ಪಾತಕಿಗಳು ಎನ್ನುವವರ ಬಾಯಿಗೆ ಲಿಸ್ಟನ್ ಆಹಾರವಾಗುತ್ತಾನೆಂದು ಕರಿಯ ನಾಯಕರೇ ಅಂಜಿದರು. ಅವನಿಗೆ ಪಂದ್ಯದ ಅವಕಾಶ ಕೊಡಬಾರದೆಂಬ ಮಾತೂ ಅವರಿಂದ ಬಂತು. ನ್ಯೂಯಾರ್ಕ್ ರಾಜ್ಯ ಲೈಸೆನ್ಸ್ ಕೊಡಲಿಲ್ಲ. ಡಿ’ಅಮಾಟೊಗೂ ಈ ಪಂದ್ಯ ಬೇಡವಾಗಿತ್ತು. ಒಪ್ಪಿಕೊಂಡವನು ಪ್ಯಾಟರ್ಸನ್ ಒಬ್ಬನೇ. ಇಬ್ಬರನ್ನೂ ಭೇಟಿಯಾದ ಕರಿಯ ಲೇಖಕ ಜೇಮ್ಸ್ ಬಾಲ್ಡ್ವಿನ್‌ಗೆ ಲಿಸ್ಟನ್‌ನಲ್ಲಿ ರಾಕ್ಷಸ ಕಾಣಲಿಲ್ಲ. ಒಳಗಿನ ಮೆತ್ತಗಿನ ಮನಸ್ಸನ್ನು ಮುಚ್ಚಿಡಲು ಹೊರಗೆ ಗಟ್ಟಿಗನ ವೇಷ ತೊಟ್ಟ ಮನುಷ್ಯರು ಅವರಿಗೆ ನೆನಪಾದರು.

1962ರ ಸೆಪ್ಟೆಂಬರ್ 25ರಂದು ಶಿಕಾಗೋದಲ್ಲಿ ಪಂದ್ಯ ನಡೆಯಿತು. ಎರಡು ನಿಮಿಷ ಆರು ಸೆಕೆಂಡುಗಳಲ್ಲಿ ಎಲ್ಲ ಮುಗಿಯಿತು. ಅವಮಾನ ತಾಳಲಾರದೆ ಪ್ಯಾಟರ್ಸನ್ ಕೃತಕ ಗಡ್ಡ ಅಂಟಿಸಿಕೊಂಡು ಹೊರಟುಹೋದ.

ಗೆದ್ದ ಲಿಸ್ಟನ್ ಮರುದಿನ ವಿಮಾನದಲ್ಲಿ ಫಿಲಡೆಲ್ಫಿಯಾಕ್ಕೆ ಹೊರಟ. ಜೊತೆಯಲ್ಲಿದ್ದ ಪತ್ರಕರ್ತ ಜಾಕ್ ಮೆಕ್ಕಿನಿ ಆ ಪ್ರಯಾಣವನ್ನು ನೆನೆದಿದ್ದಾರೆ. ದಾರಿಯುದ್ದಕ್ಕೂ ಲಿಸ್ಟನ್ ತಾನು ಊರಿನ ಜನರ ಮುಂದೆ ಮಾಡಬೇಕಾದ ಭಾಷಣವನ್ನು ಅಭ್ಯಾಸ ಮಾಡುತ್ತಿದ್ದ. ಇನ್ನು ಮುಂದೆ ಒಳ್ಳೆಯವನಾಗಿರುತ್ತೇನೆ, ಈ ಪಟ್ಟಕ್ಕೆ ತಕ್ಕಂತೆ ಬಾಳುತ್ತೇನೆ ಎಂಬುದು ಅದರ ಸಾರ. ವಿಮಾನ ಇಳಿಯಿತು, ಬಾಗಿಲು ತೆರೆಯಿತು. ಕೆಳಗೆ ಬೆರಳೆಣಿಕೆಯ ವರದಿಗಾರರು ಮತ್ತು ವಿಮಾನ ನಿಲ್ದಾಣದ ಸಿಬ್ಬಂದಿ ಬಿಟ್ಟರೆ ಯಾರೂ ಇರಲಿಲ್ಲ. ಹಾರವಿಲ್ಲ, ಮೇಯರ್ ಇಲ್ಲ, ಜನರಿಲ್ಲ. ಲಿಸ್ಟನ್‌ನ ಮುಖ ಬಾಡಿ, ಹೆಗಲು ಕುಸಿದದ್ದನ್ನು ಮೆಕ್ಕಿನಿ ನೋಡಿದರು. ಆತ ಭಾಷಣ ಮಾಡಲಿಲ್ಲ.

ಅವನ ಬದುಕಿನ ತಿರುವು ಅದೇ ಎಂದು ನಮಗನಿಸುತ್ತದೆ. ಬದಲಾಗುತ್ತೇನೆಂದು ಮನಸ್ಸು ಮಾಡಿ ಬಂದವನಿಗೆ ಬಾಗಿಲಲ್ಲಿ ಒಬ್ಬ ಮನುಷ್ಯನೂ ಸಿಗಲಿಲ್ಲ. ಪಶ್ಚಾತ್ತಾಪಕ್ಕೂ ಒಬ್ಬ ಕೇಳುಗ ಬೇಕು.

1963ರ ಜುಲೈನಲ್ಲಿ ಪ್ಯಾಟರ್ಸನ್ ಮತ್ತೊಮ್ಮೆ ಬಂದ, ಮತ್ತೊಮ್ಮೆ ಮೊದಲ ಸುತ್ತಿನಲ್ಲೇ ಸೋತ. ಆ ಸೆಪ್ಟೆಂಬರ್‌ನಲ್ಲಿ ಲಿಸ್ಟನ್ ಬ್ರಿಟನ್ ಪ್ರವಾಸ ಹೋದಾಗ ಜನ ಪ್ರೀತಿಯಿಂದ ಸ್ವಾಗತಿಸಿದರು. ಆತ ನಕ್ಕ, ಮಕ್ಕಳೊಡನೆ ಬೆರೆತ. ಆಗಲೇ ಬರ್ಮಿಂಗ್‌ಹ್ಯಾಮ್ ಚರ್ಚಿನ ಬಾಂಬ್ ಸ್ಫೋಟದಲ್ಲಿ ನಾಲ್ವರು ಕರಿಯ ಬಾಲಕಿಯರು ಸತ್ತ ಸುದ್ದಿ ಬಂತು. ಅಮೆರಿಕದವನೆನ್ನಲು ತನಗೆ ನಾಚಿಕೆಯಾಗುತ್ತಿದೆ ಎಂದು ಅವನು ಹೇಳಿದ. ಕಲ್ಲೆದೆಯವನೆಂದು ಹೆಸರಾದವನ ಬಾಯಿಂದ ಬಂದ ಮಾತಿದು. ಆದರೆ ಆ ವರ್ಷದ ಡಿಸೆಂಬರ್‌ನಲ್ಲಿ ಎಸ್ಕ್ವೈರ್ ಪತ್ರಿಕೆ ಅವನಿಗೆ ಸಾಂತಾಕ್ಲಾಸ್ ಟೊಪ್ಪಿ ತೊಡಿಸಿ ಮುಖಪುಟದಲ್ಲಿ ಹಾಕಿದಾಗ ಓದುಗರು, ಜಾಹೀರಾತುದಾರರು ಸಿಡಿದೆದ್ದರು. ಕ್ರಿಸ್‌ಮಸ್ ತಾತನಾಗಿ ಕರಿಯನ ಮುಖ, ಅದೂ ಆ ಮುಖ, ಅವರಿಗೆ ಸಹ್ಯವಾಗಲಿಲ್ಲ.

ಮಿಯಾಮಿಯ ಎರಡು ಮೂಲೆಗಳು

1964ರ ಫೆಬ್ರವರಿ 25ರಂದು ಮಿಯಾಮಿ ಬೀಚ್‌ನಲ್ಲಿ 22 ವರ್ಷದ ಕ್ಲೇ ಲಿಸ್ಟನ್‌ನನ್ನು ಎದುರಿಸಿದಾಗ ಬಾಜಿ ಕಟ್ಟುವವರ ಲೆಕ್ಕ ಏಳಕ್ಕೆ ಒಂದರಂತೆ ಲಿಸ್ಟನ್ ಪರವಾಗಿತ್ತು. ಈ ಪಂದ್ಯವನ್ನು ಎರಡು ಮುಷ್ಟಿಗಳ ಕಾದಾಟವೆಂದು ನೋಡುವವರೇ ಹೆಚ್ಚು. ನಾವು ಕಣದ ಎರಡು ಮೂಲೆಗಳನ್ನು ನೋಡಿದರೆ ಇನ್ನೂ ಹೆಚ್ಚಿನದು ಕಾಣುತ್ತದೆ.

ನಾಲ್ಕನೇ ಸುತ್ತಿನ ಕೊನೆಗೆ ಕ್ಲೇಯ ಕಣ್ಣು ಉರಿಯತೊಡಗಿತು. ಎದುರಾಳಿಯ ಗ್ಲೌಸಿನಿಂದಲೋ ಗಾಯಕ್ಕೆ ಹಚ್ಚಿದ ಔಷಧಿಯಿಂದಲೋ ಏನೋ ತಗಲಿತ್ತು. ಕಣ್ಣು ಕಾಣಿಸುತ್ತಿಲ್ಲ, ಗ್ಲೌಸ್ ಬಿಚ್ಚಿಬಿಡಿ ಎಂದು ಆತ ಕೂಗಾಡಿದ. ತರಬೇತುದಾರ ಏಂಜೆಲೊ ಡಂಡಿ ಅವನ ಕಣ್ಣು ತೊಳೆದು, ಓಡುತ್ತಲೇ ಇರು ಎಂದು ಹೇಳಿ ಕಣದೊಳಕ್ಕೆ ತಳ್ಳಿದ. ಕ್ಲೇ ಓಡಿದ, ಉಳಿದ, ಕಣ್ಣು ತಿಳಿಯಾಯಿತು. ಕಣದ ಬಳಿ ಕುಳಿತವರಲ್ಲಿ ಮಾಲ್ಕಮ್ ಎಕ್ಸ್ ಇದ್ದರು. ಹಿಂದಿನ ತಿಂಗಳೇ ಸಂಸಾರ ಸಮೇತ ಮಿಯಾಮಿಗೆ ಬಂದು, ಭಯಪಡಬೇಕಾಗಿಲ್ಲವೆಂದು ಆ ಹುಡುಗನಿಗೆ ಆತ್ಮಬಲ ತುಂಬಿದವರು ಅವರು. ಒಬ್ಬ ಅವನ ದೇಹವನ್ನು ತಳ್ಳಿದ, ಇನ್ನೊಬ್ಬರು ಅವನ ಅಂತರಂಗವನ್ನು ನಿಲ್ಲಿಸಿದರು.

ಎದುರಿನ ಮೂಲೆಯಲ್ಲಿ ಆರನೇ ಸುತ್ತು ಮುಗಿಸಿ ಬಂದ ಲಿಸ್ಟನ್ ಪೀಠದ ಮೇಲೆ ಕುಳಿತ. ಏಳನೇ ಸುತ್ತಿನ ಗಂಟೆ ಬಾರಿಸಿದಾಗ ಮೇಲೇಳಲಿಲ್ಲ. ಭುಜದ ನೋವೆಂದು ಕಾರಣ ಕೊಡಲಾಯಿತು. ಗೆದ್ದ ಯುವಕ ಇಸ್ಲಾಮನ್ನು ತನ್ನ ಧರ್ಮವೆಂದು ಘೋಷಿಸಿ, ಮಾರ್ಚ್‌ನಲ್ಲಿ ಮುಹಮ್ಮದ್ ಅಲಿಯಾದರು. ಅಲಿಯವರ ಮುಂದಿನ ದಾರಿಯೂ ನೇರವಾಗಿರಲಿಲ್ಲ. ಎಲಿಜಾ ಮುಹಮ್ಮದರ ಮಾತು ಕೇಳಿ ಮಾಲ್ಕಮರಿಂದ ಮುಖ ತಿರುಗಿಸಿದರು, ಅದಕ್ಕಾಗಿ ಬದುಕಿಡೀ ಮರುಗಿದರು. ಆದರೆ ಮರುಗಲು, ತಿದ್ದಿಕೊಳ್ಳಲು ಬೇಕಾದ ಒಂದು ಅಳತೆಗೋಲು ಅವರ ಬಳಿ ಇತ್ತು. ಮಾರ್ಗದರ್ಶನವೆಂದರೆ ತಪ್ಪೇ ಮಾಡದಂತೆ ಕಾಯುವುದಲ್ಲ, ತಪ್ಪಿದಾಗ ಮರಳುವ ದಾರಿ ತೋರುವುದು.

ಮರುವರ್ಷ ಲೂಯಿಸ್ಟನ್‌ನಲ್ಲಿ, ಕೇವಲ 2,434 ಪ್ರೇಕ್ಷಕರ ಮುಂದೆ, ಮೊದಲ ಸುತ್ತಿನಲ್ಲೇ ಲಿಸ್ಟನ್ ನೆಲಕ್ಕುರುಳಿದ. ಹೊಡೆತ ಅನೇಕರ ಕಣ್ಣಿಗೆ ಬೀಳಲೇ ಇಲ್ಲ. ಬೇಕೆಂದೇ ಬಿದ್ದನೇ, ಮಾಫಿಯಾ ಹೇಳಿತೇ, ಹೆದರಿದನೇ ಎಂಬ ಚರ್ಚೆ ಅಂದಿನಿಂದಲೂ ಮುಗಿದಿಲ್ಲ. ಸೋಲಿನಲ್ಲೂ ಅವನನ್ನು ನಂಬುವವರು ಇರಲಿಲ್ಲ ಎಂಬುದಷ್ಟೇ ಸ್ಪಷ್ಟ.

ಕೊನೆಯ ಸುತ್ತು

ಆಮೇಲೂ ಆತ ಆಡಿದ. ಮೊದಲು ಸ್ವೀಡನ್‌ನಲ್ಲಿ, ಬಳಿಕ ಅಮೆರಿಕದಲ್ಲಿ, ಸತತ 14 ಪಂದ್ಯಗಳನ್ನು ಗೆದ್ದ. 1969ರ ಡಿಸೆಂಬರ್‌ನಲ್ಲಿ ಲಿಯೋಟಿಸ್ ಮಾರ್ಟಿನ್ ಒಂಬತ್ತನೇ ಸುತ್ತಿನಲ್ಲಿ ಅವನನ್ನು ಕೆಡವಿದ. 1970ರ ಜೂನ್‌ನಲ್ಲಿ ಚಕ್ ವೆಪ್ನರ್ ವಿರುದ್ಧ ಗೆದ್ದದ್ದೇ ಕೊನೆಯ ಪಂದ್ಯ. ಒಟ್ಟು 54 ಪಂದ್ಯಗಳಲ್ಲಿ 50 ಗೆಲುವು, ಅದರಲ್ಲಿ 39 ನಾಕೌಟ್.

ಹೊಸವರ್ಷದ ಹೊತ್ತಿಗೆ ಪತ್ನಿ ಜೆರಾಲ್ಡಿನ್ ಸೇಂಟ್ ಲೂಯಿಸ್‌ಗೆ ಹೋಗಿದ್ದಳು. 1971ರ ಜನವರಿ 5ರಂದು ಹಿಂದಿರುಗಿದಾಗ ಗಂಡನ ಶವ ಮಲಗುವ ಕೋಣೆಯಲ್ಲಿತ್ತು. ಬಾಗಿಲಲ್ಲಿ ಬಿದ್ದಿದ್ದ ಹಾಲಿನ ಬಾಟಲಿ, ದಿನಪತ್ರಿಕೆಗಳನ್ನು ಎಣಿಸಿ ಪೊಲೀಸರು ಸಾವಿನ ದಿನವನ್ನು ಡಿಸೆಂಬರ್ 30 ಎಂದು ಊಹಿಸಿದರು. ದೇಹದಲ್ಲಿ ಹೆರಾಯಿನ್‌ನ ಕುರುಹುಗಳಿದ್ದವು. ಸಾವಿಗೆ ಶ್ವಾಸಕೋಶ ಮತ್ತು ಹೃದಯದ ತೊಂದರೆ ಕಾರಣವೆಂದು ಬರೆಯಲಾಯಿತು. ಸೂಜಿ ಕಂಡರೆ ಹೆದರುತ್ತಿದ್ದ ಮನುಷ್ಯನ ತೋಳಿನಲ್ಲಿ ಸೂಜಿಯ ಗುರುತು ಹೇಗೆ ಬಂತೆಂದು ಗೆಳೆಯರು ಕೇಳಿದರು. ಉತ್ತರ ಸಿಗಲಿಲ್ಲ. ಹುಟ್ಟಿದ ದಿನ ಗೊತ್ತಿರದವನ ಸತ್ತ ದಿನವೂ ಗೊತ್ತಾಗಲಿಲ್ಲ.

ಲಾಸ್ ವೇಗಾಸ್‌ನ ಅವನ ಸಮಾಧಿಯ ಫಲಕದಲ್ಲಿ ಹೆಸರು, ಇಸವಿಗಳ ಜೊತೆ ಇನ್ನೆರಡೇ ಪದಗಳಿವೆ: ಒಬ್ಬ ಮನುಷ್ಯ. ಚಾಂಪಿಯನ್ ಎಂದು ಬರೆಯಲಿಲ್ಲ. ಬದುಕಿದ್ದಾಗ ಕೊಡದೆ ಉಳಿಸಿಕೊಂಡದ್ದನ್ನೇ ಸತ್ತ ಮೇಲೆ ಕಲ್ಲಿನ ಮೇಲೆ ಕೆತ್ತಿಸಿದಂತಿದೆ.

ಈ ಕಥೆ ಲಿಸ್ಟನ್‌ನೊಂದಿಗೆ ಮುಗಿಯಿತೇ? ಪ್ಯಾಟರ್ಸನ್‌ನನ್ನು ಬೆಳೆಸಿದ ಅದೇ ಡಿ’ಅಮಾಟೊ ಮುಂದೆ ಬಾಲಾಪರಾಧಿಗಳ ಶಾಲೆಯಿಂದ ಮೈಕ್ ಟೈಸನ್ ಎಂಬ ಹುಡುಗನನ್ನು ತನ್ನ ಮನೆಗೇ ಕರೆತಂದ. ಆದರೆ 1985ರಲ್ಲಿ ಮುದುಕ ತೀರಿಕೊಂಡಾಗ ಹುಡುಗನ ಮುಷ್ಟಿ ಸಿದ್ಧವಾಗಿತ್ತು, ಮನಸ್ಸು ಇನ್ನೂ ಹಸಿಯಾಗಿತ್ತು. 1986ರಲ್ಲಿ 20ನೇ ವಯಸ್ಸಿಗೆ ಟೈಸನ್ ಪ್ಯಾಟರ್ಸನ್‌ನ ದಾಖಲೆ ಮುರಿದು ಅತ್ಯಂತ ಕಿರಿಯ ಹೆವಿವೇಟ್ ಚಾಂಪಿಯನ್ ಆದ. ಸುತ್ತಲೂ ಹೊಗಳುವವರು, ಹಣ ಎಣಿಸುವವರು ನೆರೆದರು. 1992ರಲ್ಲಿ ಅತ್ಯಾಚಾರದ ಅಪರಾಧಕ್ಕಾಗಿ ಜೈಲು ಸೇರಿದ, ಒಬ್ಬ ಹೆಣ್ಣುಮಗಳ ಬದುಕಿಗೆ ಅಳಿಯದ ಗಾಯವಾಯಿತು. ಸೆರೆಯಲ್ಲಿದ್ದಾಗ ಇಸ್ಲಾಮಿನ ಕಡೆ ತಿರುಗಿದರೂ 1995ರಲ್ಲಿ ಹೊರಬಂದವನನ್ನು ಬಾಗಿಲಲ್ಲಿ ಕಾದಿದ್ದುದು ಅದೇ ಹಳೆಯ ವ್ಯವಹಾರ. ಕೋಟಿ ಕೋಟಿ ಡಾಲರ್ ದುಡಿದವನು 2003ರಲ್ಲಿ ದಿವಾಳಿ ಎಂದು ಕೋರ್ಟಿಗೆ ಹೋದ.

ಪ್ರತಿಭೆಯನ್ನು ಗುರುತಿಸುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಗುರುತಿಸಿ ಕೊಳ್ಳುವವರೂ ಇರುತ್ತಾರೆ. ಬಡ ಹುಡುಗನ ತೋಳಿನ ಬಲ ಕಂಡ ಕೂಡಲೇ ಅದಕ್ಕೆ ಬೆಲೆ ಕಟ್ಟುವವರು ಬಾಕ್ಸಿಂಗ್ ಕಣದ ಸುತ್ತ ಮಾತ್ರವಿಲ್ಲ. ಮೆರವಣಿಗೆಗೆ, ಬೆದರಿಕೆಗೆ, ವಸೂಲಿಗೆ, ಗಲಭೆಗೆ ಹುಡುಗರ ಮುಷ್ಟಿ ಬಾಡಿಗೆಗೆ ಪಡೆಯುವವರನ್ನು ನಾವೂ ಬಲ್ಲೆವು. ಕೆಲಸ ಮುಗಿದ ಮೇಲೆ ಆ ಹುಡುಗರ ಮನೆ ಬಾಗಿಲಿಗೆ ಅವರಾರೂ ಬರುವುದಿಲ್ಲವೆಂಬುದನ್ನೂ ಬಲ್ಲೆವು.

ಲಿಸ್ಟನ್‌ನ ಬದುಕಿನಲ್ಲಿ ದಾರಿ ಬದಲಾಗಬಹುದಾಗಿದ್ದ ಗಳಿಗೆಗಳನ್ನು ಎಣಿಸಿದರೆ ಅವು ದೊಡ್ಡ ಘಟನೆಗಳೇನಲ್ಲ. ಶಾಲೆಯಲ್ಲಿ ಮಕ್ಕಳು ನಕ್ಕಾಗ ನಗಬೇಡಿ ಎನ್ನುವ ಒಬ್ಬ ಮೇಷ್ಟ್ರು, ಜೈಲಿನಿಂದ ಹೊರಬಂದ ದಿನ ಒಪ್ಪಂದದ ಕಾಗದವನ್ನು ಓದಿ ಹೇಳುವ ಒಬ್ಬ ಹಿರಿಯ, ಗೆದ್ದು ಬಂದ ದಿನ ವಿಮಾನ ನಿಲ್ದಾಣದಲ್ಲಿ ನಿಂತಿರುವ ಒಂದಷ್ಟು ಜನ. ಇಷ್ಟೇ ಬೇಕಾಗಿತ್ತು. ಇವು ಯಾವುದಕ್ಕೂ ಹಣ ಬೇಡ, ಸರ್ಕಾರದ ಯೋಜನೆ ಬೇಡ. ನಮ್ಮ ಕೇರಿಯ, ನಮ್ಮ ಮೊಹಲ್ಲಾದ ಒರಟು ಹುಡುಗನ ಬಗ್ಗೆ ತೀರ್ಪು ಕೊಡುವ ಮೊದಲು ಅವನಿಗೆ ಇವುಗಳಲ್ಲಿ ಒಂದನ್ನಾದರೂ ನಾವು ಕೊಟ್ಟಿದ್ದೇವೆಯೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.